ಸೇತುವೆಯೆಂಬ ಸವಕಲು ಮಾತು

ಟರ್ಕಿಯ ಕಾದಂಬರಿಗಳ ಬಗ್ಗೆ ಬರೆಯುವ ಹೆಚ್ಚಿನವರು ಒಂದು ಮಾತನ್ನು ತಪ್ಪದೆ ಉಚ್ಚರಿಸುತ್ತಾರೆ: ಅವು ಪೂರ್ವ ಮತ್ತು ಪಶ್ಚಿಮಗಳ ನಡುವಿನ ಸೇತುವೆಗಳಂತೆ! ಇಸ್ತಾಂಬುಲ್ ಎರಡು ಖಂಡಗಳಲ್ಲಿ ಹರಡಿದೆಯೆಂಬ ಭೂಗೋಳದ ಪಾಠವನ್ನೇ ಸಾಹಿತ್ಯ ವಿಮರ್ಶೆಯೆಂದು ಬಡಿಸಲಾಗುತ್ತಿದೆ. ಸೇತುವೆಯೆಂದರೆ ಎರಡೂ ಕಡೆಯಿಂದ ಜನರು ನಡೆಯಬೇಕು. ಟರ್ಕಿಯಲ್ಲಿ ಆದದ್ದು ಅದಲ್ಲ. ಅಲ್ಲಿ ಒಂದು ಸಮಾಜವು ಹಿಂದಿರುಗಿ ನೋಡುವ ದಾರಿಯನ್ನೇ ಕಾನೂನಿನ ಬಲದಿಂದ ಮುಚ್ಚಲಾಯಿತು. 1924ರಲ್ಲಿ ಖಿಲಾಫತ್ ರದ್ದಾಯಿತು. 1928ರಲ್ಲಿ ಅರಬಿ ಲಿಪಿಯ ಸ್ಥಾನಕ್ಕೆ ಲ್ಯಾಟಿನ್ ಲಿಪಿ ಬಂತು. ಅಜ್ಜನ ಪತ್ರವನ್ನಾಗಲಿ, ಅವನ ಗೋರಿಕಲ್ಲಿನ ಬರಹವನ್ನಾಗಲಿ ಮೊಮ್ಮಗನು ಓದಲಾರದಾದನು. 1932ರಲ್ಲಿ ಆರಂಭವಾದ ಟರ್ಕಿಶ್ ಭಾಷೆಯ ಅಝಾನ್ 1950ರವರೆಗೂ ಮುಂದುವರಿಯಿತು.

ಈ ಗಾಯವನ್ನು ಅಹ್ಮದ್ ಹಮ್ದಿ ತನ್‌ಪಿನಾರ್‌ರಷ್ಟು ಸೂಕ್ಷ್ಮವಾಗಿ ಮುಟ್ಟಿದವರು ವಿರಳ. ಅವರ 'ಕಾಲ ನಿಯಂತ್ರಣ ಸಂಸ್ಥೆ' ಕಾದಂಬರಿಯ ನಾಯಕ ಹೈರಿ ಇರ್ದಾಲ್, ನಮಾಝಿನ ವೇಳೆಯನ್ನು ಲೆಕ್ಕ ಹಾಕುವ ನೂರಿ ಎಫೆಂದಿಯ ಬಳಿ ಗಡಿಯಾರದ ವಿದ್ಯೆ ಕಲಿತವನು. ಆ ಗುರುವಿಗೆ ಕಾಲವೆಂಬುದು ಆರಾಧನೆಯ ಭಾಗ. ಸೂರ್ಯಾಸ್ತದಿಂದ ದಿನವನ್ನೆಣಿಸುತ್ತಿದ್ದ ಲೋಕವದು. ಮುಂದೆ ಅದೇ ಶಿಷ್ಯನು ಗಡಿಯಾರ ತಪ್ಪಿದವರಿಗೆ ದಂಡ ವಿಧಿಸುವ ಆಧುನಿಕ ಕಚೇರಿಯ ಅಧಿಕಾರಿಯಾಗುತ್ತಾನೆ. ಅಷ್ಟೇ ಆಗಿದ್ದರೆ ಅದು ಬರಿಯ ಹಾಸ್ಯವಾಗುತ್ತಿತ್ತು. ಆದರೆ ಆ ಕಚೇರಿಗೆ ಒಂದು ಪರಂಪರೆಯೂ ಬೇಕಾಗುತ್ತದೆ! ಆದ್ದರಿಂದ ಎಂದೂ ಬದುಕಿರದ ಅಹ್ಮದ್ ಝಮಾನಿ ಎಂಬ ಮಹಾಪುರುಷನ ಜೀವನ ಚರಿತ್ರೆಯನ್ನು ಬರೆಯಿಸಲಾಗುತ್ತದೆ. ಜೀವಂತ ಪರಂಪರೆಯನ್ನು ಮುಚ್ಚಿಹಾಕಿದ ಕೈಗಳೇ ಹುಸಿ ಪರಂಪರೆಯನ್ನು ಹೆಣೆಯುತ್ತವೆ. ಇದರಲ್ಲಿ ಸೇತುವೆ ಎಲ್ಲಿದೆ?

ನಮ್ಮವರ ಧೋರಣೆಯೂ ಮೆಚ್ಚತಕ್ಕದ್ದಲ್ಲ. ಒರ್ಹಾನ್ ಪಾಮುಕ್‌ಗೆ 2006ರಲ್ಲಿ ನೊಬೆಲ್ ದೊರೆತಿದೆ ಎಂಬುದನ್ನೇ ಅಪರಾಧದ ಸಾಕ್ಷ್ಯವೆಂದು ಭಾವಿಸಿ, ಒಂದು ಪುಟವನ್ನೂ ತಿರುವದೆ ಅವರನ್ನು ಪಶ್ಚಿಮದ ವಕೀಲರೆಂದು ತಳ್ಳಿಹಾಕುವವರಿದ್ದಾರೆ. ಅವರು ಸೆಕ್ಯುಲರ್ ಮನೆತನದವರು, ನಿಜ. ಅವರ ದೃಷ್ಟಿಯೊಂದಿಗೆ ನಮಗೆ ಭಿನ್ನಾಭಿಪ್ರಾಯವಿದೆ, ಅದೂ ನಿಜ. ಆದರೆ 2002ರಲ್ಲಿ ಪ್ರಕಟವಾದ 'ಹಿಮ' ಕಾದಂಬರಿಯಲ್ಲಿ, ಕಾರ್ಸ್ ಪಟ್ಟಣದ ಶಿರವಸ್ತ್ರಧಾರಿ ವಿದ್ಯಾರ್ಥಿನಿಯರು ತರಗತಿಯ ಬಾಗಿಲಲ್ಲಿ ತಡೆಯಲ್ಪಟ್ಟ ಸಂಕಟವನ್ನು ಅವರು ಮರೆಮಾಚಲಿಲ್ಲ. ಕರ್ನಾಟಕದ ಓದುಗರಿಗೆ, ವಿಶೇಷವಾಗಿ 2022ರ ಬಳಿಕ, ಆ ಬಾಗಿಲಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಅದೇ ಕಾದಂಬರಿಯ ಕೊನೆಯಲ್ಲಿ ಫಾಝಿಲ್ ಎಂಬ ಯುವಕನಿದ್ದಾನೆ, ಧಾರ್ಮಿಕ ಶಾಲೆಯಲ್ಲಿ ಓದಿದವನು. ನಮ್ಮ ಬಗ್ಗೆ ನೀವು ಬರೆದುದನ್ನು ನಂಬಬಾರದೆಂದು ಓದುಗರಿಗೆ ತಿಳಿಸಿ, ಅಷ್ಟು ದೂರದಿಂದ ಯಾರೂ ನಮ್ಮನ್ನು ಅರಿಯಲಾರರು ಎಂದು ಅವನು ಲೇಖಕನಿಗೇ ಹೇಳುತ್ತಾನೆ. ತನ್ನ ವಿರುದ್ಧದ ಈ ಸಾಕ್ಷ್ಯವನ್ನು ಪಾಮುಕ್ ತಾವೇ ದಾಖಲಿಸಿದರು. ಸೇತುವೆಯನ್ನು ಹೊಗಳುವವರು ಆ ಪುಟದವರೆಗೆ ಓದಿದ್ದಾರೆಯೇ?