ಪ್ರಸಿದ್ಧಿಯೇ ಸಂರಕ್ಷಣೆಯಲ್ಲ

ತಾರೆಯರು ದನಿಗೂಡಿಸದೆ ವನ್ಯಜೀವಿಗಳು ಉಳಿಯವು, ಅಬುಧಾಬಿಯ ಅಲ್ ಐನ್‌ನಲ್ಲಿ ಓರಿಕ್ಸ್ ಸಂತತಿ ಉಳಿದದ್ದೂ ಶೇಖ್ ಜಾಯೆದ್ ಅವರ ಖ್ಯಾತಿಯಿಂದಲೇ ಎಂಬ ಪ್ರಕಟಿತ ಅಭಿಪ್ರಾಯವು, ಖ್ಯಾತಿಯನ್ನೂ ಅಧಿಕಾರವನ್ನೂ ಒಂದೆಂದೇ ಎಣಿಸಿ ದಾರಿ ತಪ್ಪಿದೆ.

ನೀಳ ಕೊಂಬಿನ, ಬಿಳಿ ಮೈಯ ಮರುಭೂಮಿಯ ಹುಲ್ಲೆಯಾದ ಅರೇಬಿಯನ್ ಓರಿಕ್ಸ್ ಬೇಟೆಗೆ ಬಲಿಯಾಗಿ 1972ರ ಹೊತ್ತಿಗೆ ಬಯಲಿನಿಂದ ಕಣ್ಮರೆಯಾಯಿತು. ಅದಕ್ಕೆ ಮೊದಲೇ, 1968ರಲ್ಲಿ, ಅಲ್ ಐನ್ ಮೃಗಾಲಯವನ್ನು ಸ್ಥಾಪಿಸಿದ ಜಾಯೆದ್ ಆಗ ಅಬುಧಾಬಿಯ ಆಡಳಿತಗಾರರಾಗಿದ್ದು, ನೆಲ, ನೀರು, ಹಣ, ಕಾನೂನು ನಾಲ್ಕೂ ಅವರ ಕೈಯಲ್ಲಿದ್ದವು. ಪ್ರಚಾರಕ್ಕೆ ಬರುವ ತಾರೆಯ ಕೈಯಲ್ಲಿ ಇವು ಇರುವುದಿಲ್ಲ.

ಖ್ಯಾತಿಯೊಂದೇ ಸಾಕಾಗಿದ್ದರೆ ನೆರೆಯ ಒಮಾನ್ ಸೋಲುತ್ತಿರಲಿಲ್ಲ. 1982ರಲ್ಲಿ ಅಲ್ಲಿ ಮತ್ತೆ ಬಯಲಿಗೆ ಬಿಟ್ಟ ಓರಿಕ್ಸ್‌ಗಳ ಅಭಯಧಾಮಕ್ಕೆ 1994ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಮನ್ನಣೆ, ಅಂದರೆ ಜಾಗತಿಕ ಪ್ರಸಿದ್ಧಿಯೇ, ದೊರೆತಿದ್ದರೂ, ಕಳ್ಳಬೇಟೆಯಿಂದ 1996ರ ಸುಮಾರು 450 ಪ್ರಾಣಿಗಳು 65ಕ್ಕೆ ಇಳಿದವು; ಸರ್ಕಾರವು ಅಭಯಧಾಮದ ವಿಸ್ತೀರ್ಣದಲ್ಲಿ ಶೇ. 90ರಷ್ಟನ್ನು ಕಡಿತಗೊಳಿಸಿದ್ದರಿಂದ 2007ರಲ್ಲಿ ಅದು ಪಟ್ಟಿಯಿಂದಲೇ ಹೊರಬಿತ್ತು.

ಕಲಾವಿದರ ಪಾತ್ರ ಶೂನ್ಯವೆಂದು ಇದರ ಅರ್ಥವಲ್ಲ: 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರವು ಕರ್ನಾಟಕದ ಕಾಡುಗಳನ್ನು ಚಿತ್ರಮಂದಿರದ ಪ್ರೇಕ್ಷಕರ ಮುಂದಿಟ್ಟಿತು. ಆದರೆ ನೋಡುಗರ ಮೆಚ್ಚುಗೆಯನ್ನು ಗಡಿ ಗುರುತಿಸಿದ ನೆಲವಾಗಿ, ಸಂಬಳ ಪಡೆಯುವ ಕಾವಲುಗಾರರಾಗಿ, ಜಾರಿಯಾಗುವ ಕಾಯಿದೆಯಾಗಿ ಮಾರ್ಪಡಿಸಬೇಕಾದದ್ದು ಆಡಳಿತ. ಆ ಕೆಲಸ ನಡೆಯದ ಕಡೆ ತಾರೆಯ ಮುಖದಿಂದ ತಾರೆಗಷ್ಟೇ ಲಾಭ.