ಬಾಗುವ ಹೆಣಿಗೆ, ಕಸಿದುಕೊಂಡ ಪೀರಿಯಡ್

ಕಳೆದ ಸಂಕ್ರಾಂತಿಯ ಸಂಜೆ ಎಳ್ಳು ಬೀರಲೆಂದು ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಮನೆಗೆ ಬಂದಿದ್ದಳು. ಅವಳಿಗೀಗ ನಲವತ್ತೈದು ದಾಟಿದೆ. ಮಗಳ ಮದುವೆಯನ್ನೂ ಮಾಡಿದ್ದಾಳೆ. ಎಳ್ಳುಬೆಲ್ಲದ ಪೊಟ್ಟಣದ ಜೊತೆಗೆ ಅವಳ ಚೀಲದಿಂದ ಇನ್ನೊಂದು ವಸ್ತು ಹೊರಬಂದಿತು. ಬಣ್ಣಬಣ್ಣದ ಉಲ್ಲನ್ ನೂಲಿನಲ್ಲಿ ಹೆಣೆದ ಶಂಖ, ಸುರುಳಿ, ಅಲೆ, ಅರ್ಧಚಂದ್ರಗಳನ್ನು ಒಂದಕ್ಕೊಂದು ಸೇರಿಸಿ ಮಾಡುತ್ತಿದ್ದ ಶಾಲು ಅದು. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವಂತೆ, ಕೈಗೆ ತೋಚಿದ ಆಕಾರಗಳನ್ನು ಕೂಡಿಸುತ್ತಾ ಹೋಗುವ ಹೆಣಿಗೆ. ಅದಕ್ಕೆ ಪುಸ್ತಕದ ಮಾದರಿ ಯಾವುದೂ ಇರಲಿಲ್ಲ.

“ಮಿಸ್, ಈ ಪಟ್ಟಿಯನ್ನ ಸುತ್ತಿ ತಂದು ಸೇರಿಸಿದರೆ ದೊನ್ನೆ ಥರ ಎದ್ದು ನಿಲ್ಲುತ್ತೆ. ಎಷ್ಟು ಸಲ ಬಿಚ್ಚಿದೆನೋ! ನೀವು ಲೆಕ್ಕದ ಮಿಸ್ ಅಲ್ವಾ, ಸ್ವಲ್ಪ ನೋಡಿ” ಎಂದಳು.

ನಾನು ಹೆಣಿಗೆಯಲ್ಲಿ ಪ್ರವೀಣಳಲ್ಲ. ಮೊಮ್ಮಕ್ಕಳಿಗೆ ಕುಲಾವಿ ಹೆಣೆದಿದ್ದೇನೆ, ಅಷ್ಟೇ. ಆದರೆ ಇದು ನಿಜಕ್ಕೂ ಲೆಕ್ಕದ ಮಾತಾಗಿತ್ತು. ಕಡ್ಡಿಯ ಮೇಲೆ ಹನ್ನೆರಡು ಕುಣಿಕೆ ಹಾಕಿ ಹೋಗಿ ಬರುತ್ತಿದ್ದರೆ ನೇರವಾದ ಪಟ್ಟಿ ಬೆಳೆಯುತ್ತದೆ. ಅದು ಬಾಗಬೇಕಾದರೆ ನಡುನಡುವೆ ಒಂದು ಸಾಲನ್ನು ಪೂರ್ತಿ ಹೆಣೆಯದೆ, ಎಂಟನೆಯ ಕುಣಿಕೆಯಲ್ಲಿಯೇ ನಿಂತು ಹಿಂದಿರುಗಬೇಕು. ಆಗ ಒಂದು ಅಂಚಿನಲ್ಲಿ ಎರಡು ಸಾಲು ಹೆಚ್ಚಾಗಿ ಬೆಳೆಯುತ್ತವೆ, ಇನ್ನೊಂದು ಅಂಚು ಇದ್ದಲ್ಲಿಯೇ ಇರುತ್ತದೆ. ಉದ್ದವಾದ ಅಂಚು ಹೊರಗಾಗಿ, ಗಿಡ್ಡವಾದ ಅಂಚು ಒಳಗಾಗಿ ಪಟ್ಟಿ ತಾನೇ ಬಾಗುತ್ತದೆ. ಹಿಂದಿರುಗುವ ಜಾಗದಲ್ಲಿ ತೂತು ಬೀಳದಂತೆ ಪಕ್ಕದ ಕುಣಿಕೆಗೆ ನೂಲನ್ನು ಒಮ್ಮೆ ಸುತ್ತಿ ಬರಬೇಕು. ಕೈಯಲ್ಲಿ ಹೆಣೆದ ಕಾಲುಚೀಲದ ಹಿಮ್ಮಡಿ ಸುತ್ತಿ ಬರುವುದೂ ಈ ಉಪಾಯದಿಂದಲೇ.

ಪಟ್ಟಿ ಪೂರ್ಣ ವೃತ್ತವಾಗಿ ನೆಲದ ಮೇಲೆ ಸಪಾಟಾಗಿ ಕೂರಬೇಕಾದರೆ ಹೊರ ಅಂಚು ಒಳ ಅಂಚಿಗಿಂತ ಎಷ್ಟು ಉದ್ದವಿರಬೇಕು? ಪಟ್ಟಿಯ ಅಗಲವನ್ನು ಎರಡು ಪೈನಿಂದ ಗುಣಿಸಿದಷ್ಟು. ಅವಳ ಪಟ್ಟಿಯ ಅಗಲ 7 ಸೆಂ.ಮೀ. ನೀವೆಲ್ಲ ಬಾಯಿಪಾಠ ಮಾಡಿದ 22/7 ಅನ್ನು ಇಲ್ಲಿಟ್ಟರೆ ಉತ್ತರ 44 ಸೆಂ.ಮೀ. ದಾರ ಹಿಡಿದು ಎರಡು ಅಂಚುಗಳನ್ನೂ ಅಳೆದೆವು. ವ್ಯತ್ಯಾಸ 36 ಮಾತ್ರ ಬಂದಿತು. ಸಾಲದಿದ್ದ 8 ಸೆಂ.ಮೀ.ಗೆ ಬೇಕಾದಷ್ಟು ಅರ್ಧ ಸಾಲುಗಳನ್ನು ಸೇರಿಸಿದರೆ ಮುಗಿಯಿತು. ಅಚ್ಚರಿಯೆಂದರೆ ವೃತ್ತ ಚಿಕ್ಕದಾಗಲಿ ದೊಡ್ಡದಾಗಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಸ್ಪೋರ್ಟ್ಸ್ ಡೇ ದಿನ ಪಿ.ಟಿ. ಮೇಷ್ಟ್ರು ಸುಣ್ಣದಲ್ಲಿ ಟ್ರ್ಯಾಕ್ ಎಳೆದು, ಹೊರಗಿನ ಲೇನಿನವರನ್ನು ಮುಂದೆ ನಿಲ್ಲಿಸುತ್ತಿದ್ದದ್ದು ನೆನಪಿದೆಯೇ? ಪೂರ್ತಿ ಒಂದು ಸುತ್ತಿನ ಓಟಕ್ಕೆ, ಲೇನಿನ ಅಗಲ ಒಂದು ಮೀಟರಾದರೆ ಸುಮಾರು 6.28 ಮೀಟರ್ ಮುಂದೆ. ಮೈದಾನದ ಲೆಕ್ಕವೂ ಉಲ್ಲನ್ನಿನ ಲೆಕ್ಕವೂ ಒಂದೇ!

ಕ್ರೋಶಾ ಕಡ್ಡಿಯಲ್ಲಿ ಗುಂಡಗೆ ಹೆಣೆಯುವವರು ಸಣ್ಣ ಹೆಣಿಗೆಯಲ್ಲಿ ಸುತ್ತಿಗೆ ಆರಾರು ಹೆಚ್ಚಿಸುತ್ತಾ ಹೋಗುತ್ತಾರಲ್ಲ, ಅದೂ ಇದೇ ಎರಡು ಪೈನ ಮಹಿಮೆ. ಆರರಷ್ಟು ಹೆಚ್ಚಿಸಿದರೆ ತಟ್ಟೆ, ಹೆಚ್ಚಿಸುವುದನ್ನು ನಿಲ್ಲಿಸಿದರೆ ಕುಲಾವಿ, ಬಹಳ ಹೆಚ್ಚಿಸಿದರೆ ಕೋಳಿಜುಟ್ಟಿನ ಹೂವಿನಂತೆ ನೆರಿಗೆ ನೆರಿಗೆ. ಈ ನೆರಿಗೆಯನ್ನೇ ಹಿಡಿದು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಎಂಬ ಗಣಿತಜ್ಞೆ, ಯೂಕ್ಲಿಡನ ನಿಯಮಕ್ಕೆ ಒಳಪಡದ ಒಂದು ರೇಖಾಗಣಿತದ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಎಂಬ ಅವಳಿ ಸಹೋದರಿಯರು 2005ರಿಂದ ಇದೇ ತಂತ್ರವನ್ನು ಬಳಸಿ ನೂಲಿನಲ್ಲಿ ಹವಳದ ದಿಬ್ಬವನ್ನೇ ಹೆಣೆಯತೊಡಗಿದರು.

ಅಳತೆ ಮುಗಿಸಿ ನಾನು ಕಾಗದ ಮಡಿಸುತ್ತಿದ್ದಾಗ ಅವಳು ನಗುತ್ತಲೇ ಹೇಳಿದಳು: “ಪೈ ಅಂದರೆ ಇದು ಅಂತ ಅವತ್ತೇ ಗೊತ್ತಾಗಿದ್ದರೆ ನಾನು ಎಸ್.ಎಸ್.ಎಲ್.ಸಿ.ಯಲ್ಲಿ ಲೆಕ್ಕಕ್ಕೆ ಫೇಲಾಗ್ತಿರಲಿಲ್ಲ ಮಿಸ್.”

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆಗ ವೇಳಾಪಟ್ಟಿಯಲ್ಲಿ ವಾರಕ್ಕೆರಡು ಕ್ರಾಫ್ಟ್ ಪೀರಿಯಡ್ ಇರುತ್ತಿದ್ದವು. ಜನವರಿ ಬಂತೆಂದರೆ ಹತ್ತನೆಯ ತರಗತಿಯ ಆ ಪೀರಿಯಡ್ಡುಗಳನ್ನು ಗಣಿತಕ್ಕೂ ಇಂಗ್ಲಿಷಿಗೂ ಹಂಚಿಕೊಳ್ಳುತ್ತಿದ್ದೆವು. ಹಾಗೆ ಕಸಿದುಕೊಂಡವರಲ್ಲಿ ನಾನೇ ಮೊದಲಿಗಳು. ಹೊಲಿಗೆ ಮೇಡಂ ಕಡ್ಡಿ, ನೂಲು, ಅರ್ಧ ಹೆಣೆದ ತುಂಡುಗಳ ಡಬ್ಬಿಯನ್ನು ಮುಂದಿಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ಕುಳಿತಿರುತ್ತಿದ್ದರು. “ತಗೊಳ್ಳಿ ಮೇಡಂ, ನಮ್ಮದೇನು ಪರೀಕ್ಷೆಯೇ?” ಎನ್ನುತ್ತಿದ್ದರು. ಆ ಮಾತಿನಲ್ಲಿದ್ದ ನೋವನ್ನು ನಾನು ಒಪ್ಪಿಗೆಯೆಂದೇ ಎಣಿಸಿದೆ. ಈ ಹುಡುಗಿಯ ಕೈಯಿಂದ ಕಡ್ಡಿ ಬಿಡಿಸಿ, ಕಪ್ಪು ಹಲಗೆಯ ಮೇಲೆ ವೃತ್ತದ ಪರಿಧಿಯ ಸೂತ್ರವನ್ನು ಬರೆದವಳು ನಾನೇ. ಅವಳ ಕೈಯಲ್ಲಿ ಆಗಲೇ ವೃತ್ತವಿತ್ತು, ನನಗದು ಕಾಣಲಿಲ್ಲ.

ಫಲಿತಾಂಶದ ಒತ್ತಡ ಸುಳ್ಳಲ್ಲ. ಗಣಿತದಲ್ಲಿ ಒಂದು ಮಗು ಫೇಲಾದರೆ, ಅದರಲ್ಲೂ ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹೆಣ್ಣುಮಗುವಾದರೆ, ಅದರ ಓದು ಅಲ್ಲಿಗೇ ನಿಲ್ಲುವ ಕಾಲವದು. ಹಾಗಾಗಿ ಒಂದೊಂದು ಗಂಟೆಯೂ ಅಮೂಲ್ಯವೆನಿಸುತ್ತಿತ್ತು. ಆದರೆ ಕಸಿದುಕೊಂಡ ಗಂಟೆಗಳಿಂದ ಇವಳು ಪಾಸಾಗಲಿಲ್ಲವೆಂಬುದೂ ಅಷ್ಟೇ ಸತ್ಯ.

ಇದು ಹೊಸ ಮಾತೇನಲ್ಲ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನ ತಿರುಳೇ ಕೈಕಸುಬಿನ ಮೂಲಕ ಪಾಠ ಕಲಿಸುವುದಾಗಿತ್ತು. 1977ರ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನು ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆಯಿತು. ಬಿ.ಎಡ್. ಓದುವಾಗ ಇವನ್ನೆಲ್ಲ ಬರೆದು ಅಂಕ ಪಡೆದ ನಾವು, ತರಗತಿಗೆ ಬಂದೊಡನೆ ಕಸುಬನ್ನೊಂದು ಕಡೆ, ಪಾಠವನ್ನೊಂದು ಕಡೆ ಇಟ್ಟೆವು. ಕಸುಬಿನ ಪೀರಿಯಡ್ಡಿನಲ್ಲಾದರೂ ಎಲ್ಲರಿಗೂ ಒಂದೇ ಅಳತೆಯ ಕರವಸ್ತ್ರ, ಒಂದೇ ನಮೂನೆಯ ತೋರಣ. ತೋಚಿದಂತೆ ಹೆಣೆದ ಮಗು ಬೈಸಿಕೊಳ್ಳುತ್ತಿತ್ತು. ಸ್ವಂತ ಆಕಾರವೊಂದನ್ನು ಬಯಸಿದಾಗ ಮಾತ್ರವೇ ‘ಇಲ್ಲಿ ಎಷ್ಟು ಹೆಚ್ಚಿಸಲಿ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಗಣಿತ ಆರಂಭವಾಗುವುದು ಆ ಪ್ರಶ್ನೆಯಿಂದ.

ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬಿನ್ನಹ. ಕ್ರಾಫ್ಟ್ ಪೀರಿಯಡ್ಡನ್ನು ಕೇಳಿ ಪಡೆಯಬೇಡಿ. ಬದಲಿಗೆ ಆ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಗಂಡುಮಕ್ಕಳ ಕೈಗೂ ಕಡ್ಡಿ ಕೊಡಿಸಿ. ಮಗುವಿನ ಹೆಣಿಗೆ ಸೊಟ್ಟಗಾದಾಗ ಬಿಚ್ಚಿಸುವ ಮೊದಲು ಎರಡು ಅಂಚುಗಳನ್ನೂ ಅದರಿಂದಲೇ ಅಳೆಯಿಸಿ. ಆಮೇಲೆ ಸೂತ್ರ ಬರೆಯಿರಿ.

ನಮ್ಮ ಹೊಲಿಗೆ ಮೇಡಂ ಈಗ ಇಲ್ಲ. ಅವರಿಗೆ ಹೇಳಬೇಕಾಗಿದ್ದ ಮಾತನ್ನು ನಿಮಗೆ ಹೇಳಿದ್ದೇನೆ. ಆ ಶಾಲು ಯುಗಾದಿಯ ವೇಳೆಗೆ ಮುಗಿಯಿತು. ಸುತ್ತು ಸಪಾಟಾಗಿ ಕೂತಿದೆ.