ಕೇಳುವ ಕಿವಿ

ಅಮೆರಿಕದ ಲೇಖಕಿ ಮಾಯಾ ಏಂಜೆಲೊ ಅವರು 1969ರಲ್ಲಿ ಪ್ರಕಟಿಸಿದ ಆತ್ಮಕಥನದ ಪ್ರಥಮ ಸಂಪುಟದಲ್ಲಿ, ತಾವು ಎಂಟು ವರ್ಷದ ಬಾಲೆಯಾಗಿದ್ದಾಗ ತಾಯಿಯ ಸಂಗಾತಿಯೇ ತಮ್ಮ ಮೇಲೆಸಗಿದ ಅತ್ಯಾಚಾರವನ್ನೂ, ಅಣ್ಣನ ಬಳಿ ಅದನ್ನು ಹೇಳಿಕೊಂಡ ತರುವಾಯ ನ್ಯಾಯಾಲಯ ಶಿಕ್ಷೆ ವಿಧಿಸಿದರೂ ಹೊರಬಂದ ಆ ಮನುಷ್ಯನು ಕೆಲವೇ ದಿನಗಳಲ್ಲಿ ಹತನಾದುದನ್ನೂ ನಿರೂಪಿಸಿದ್ದಾರೆ. ತನ್ನ ನಾಲಗೆಯೇ ಒಂದು ಪ್ರಾಣವನ್ನು ತೆಗೆಯಿತೆಂದು ಬಗೆದ ಆ ಮಗು ಮುಂದೆ ಸುಮಾರು ಐದು ವರ್ಷ ಅಣ್ಣನೊಬ್ಬನ ಹೊರತು ಯಾರೊಡನೆಯೂ ಮಾತನಾಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ನಮ್ಮ ಗಾದೆ ವಾಕ್ಸಂಯಮದ ಬೋಧನೆಗಾಗಿ ಹುಟ್ಟಿದ್ದು. ಆದರೆ ಮಾವನೋ ಚಿಕ್ಕಪ್ಪನೋ ಪಾಠ ಹೇಳಲು ಬರುವ ಮೇಷ್ಟರೋ ಎಸಗಿದ ಅಕೃತ್ಯವನ್ನು ಮಗುವೊಂದು ತೊದಲುತ್ತ ಅರುಹಿದಾಗ, ಮನೆತನದ ಮಾನಕ್ಕೆ ಅಂಜಿ ಅದೇ ನೀತಿಯಿಂದ ಅದರ ಬಾಯಿ ಮುಚ್ಚಿಸುವ ಹಿರಿಯರು ನಮ್ಮಲ್ಲಿ ವಿರಳರಲ್ಲ. ಕೇಂದ್ರ ಸರ್ಕಾರವು 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಹೊರತಂದ ಅಧ್ಯಯನದಲ್ಲಿ ಅರ್ಧಕ್ಕೂ ಮಿಕ್ಕ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಈಡಾದುದಾಗಿ ತಿಳಿಸಿದರು. ಬಹುಮಂದಿ ಅದುವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾಯಾ ಅವರ ಕಂಠ ತೆರೆದ ಬಗೆ ಮನನೀಯವಾದುದು. ಅಜ್ಜಿಯ ಊರಾದ ಸ್ಟ್ಯಾಂಪ್ಸ್‌ನಲ್ಲಿ ಬರ್ಥಾ ಫ್ಲವರ್ಸ್ ಎಂಬ ಸುಸಂಸ್ಕೃತ ಮಹಿಳೆಯು ಆಕೆಯನ್ನು ಮನೆಗೆ ಕರೆದು, ನಿಂಬೆಯ ಪಾನಕ ಕೊಟ್ಟು, ತಾನೇ ಪುಸ್ತಕವೊಂದನ್ನು ಓದಿ ಕೇಳಿಸಿ, ಗಟ್ಟಿಯಾಗಿ ಓದಿಕೊಳ್ಳೆಂದು ಗ್ರಂಥಗಳನ್ನು ಎರವಲಿತ್ತಳು.

ಇಂಥ ಸೌಜನ್ಯವನ್ನು ನಮ್ಮ ಶಾಸನವೂ ತಡವಾಗಿಯಾದರೂ ಕಲಿತಿದೆ. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಬರೆದುಕೊಳ್ಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರತಕ್ಕದ್ದಲ್ಲ. ಮಗುವಿನ ಮನೆಯಲ್ಲಿ ಇಲ್ಲವೆ ಅದು ಬಯಸಿದೆಡೆಯಲ್ಲಿ ಆ ಕಾರ್ಯ ನಡೆಯಬೇಕು. ಸಾಕ್ಷ್ಯಕ್ಕಾಗಿ ಮತ್ತೆ ಮತ್ತೆ ಕರೆಸಕೂಡದು. ಮಕ್ಕಳಿಗೆ 1098, ಮಹಿಳೆಯರಿಗೆ 181 ಸಹಾಯವಾಣಿಗಳೂ ಉಂಟು.

ಆದರೆ ಬಾಲ್ಯದ ಬೇಗೆಯನ್ನು ಮೂವತ್ತು ವರ್ಷ ಒಡಲಲ್ಲಿ ಅಡಗಿಸಿಕೊಂಡ ಹೆಂಗಸಾಗಲಿ ಗಂಡಸಾಗಲಿ ಮೊದಲು ಅರಸುವುದು ಠಾಣೆಯನ್ನಲ್ಲ, ಒಬ್ಬ ಅಕ್ಕನನ್ನೋ ಗೆಳೆಯನನ್ನೋ. “ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?” ಎಂಬ ಪ್ರಶ್ನೆ ಆ ಗಳಿಗೆಯಲ್ಲಿ ನಮ್ಮ ನಾಲಗೆಯ ತುದಿಗೆ ಬರುತ್ತದೆ, ಅದು ಹೇಳಿಕೊಳ್ಳಲು ಬಂದವರ ಕಿವಿಗೆ ಆರೋಪದಂತೆಯೇ ಬೀಳುತ್ತದೆ. ಗಾದೆ ಹೇಳುವ ವಾಕ್ಸಂಯಮ ಸಲ್ಲಬೇಕಾದುದು ಅಲ್ಲಿ: ಆ ಪ್ರಶ್ನೆಯನ್ನು ನುಂಗಿಕೊಂಡು, ಒಂದು ಲೋಟ ಪಾನಕವನ್ನು ಮುಂದಿಟ್ಟು, ಎದುರಿಗೆ ಕುಳಿತುಕೊಳ್ಳುವುದು.